ನನಗಷ್ಟೇ ಕಾಣುವ ಎತ್ತುಗಳು

ಈಗ ಇದನ್ನು ಹೇಳುತ್ತಿರುವಾಗಲೂ ಎದುರಿನ ಗೋಡೆಯ ಮೇಲೆ ಒಂದು ಎತ್ತು ಹೋಗುತ್ತಿದೆ. ಹೋಗಲಿ ಬಿಡಿ. ಅದರ ಕೆಲಸ ಅದಕ್ಕೆ, ನನ್ನ ಕೆಲಸ ನನಗೆ. ಅದಕ್ಕೆ ಸಪ್ಪಳವಿಲ್ಲ, ವಾಸನೆಯಿಲ್ಲ, ಸಗಣಿ ಹಾಕುವುದಿಲ್ಲ, ಮೇವು ಕೇಳುವುದಿಲ್ಲ. ಇಷ್ಟು ಸಾಧು ಎತ್ತು ನಮ್ಮಪ್ಪನ ಕೊಟ್ಟಿಗೆಯಲ್ಲೂ ಇರಲಿಲ್ಲ.

ನಾನು ದೇವದುರ್ಗದವಳು. ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಳಾದೆ, ಊರಿಗೆಲ್ಲ ಇನ್ನೂ ಟೀಚರಮ್ಮ. ಮಾತು ಖಾರ ಎನ್ನುತ್ತಾರೆ, ಅದಕ್ಕೆ ನನ್ನ ತಕರಾರಿಲ್ಲ. ಶುಗರ್ ನನ್ನ ಎರಡೂ ಕಣ್ಣುಗಳ ನಡುಭಾಗವನ್ನು ತಿಂದಿದೆ, ಅಂಚು ಮಾತ್ರ ಉಳಿದಿದೆ. ಬರೆಯಲು ಆಗುವುದಿಲ್ಲ, ಹಾಗಾಗಿ ಫೋನಿಗೆ ಹೇಳುತ್ತೇನೆ, ಅದು ಬರೆದುಕೊಳ್ಳುತ್ತದೆ. ಫೋನಿನ ತಪ್ಪನ್ನು ನಮ್ಮ ಮನೆಯವರು ತಿದ್ದುತ್ತಾರೆ, ಅವರ ತಪ್ಪನ್ನು ಓದಿಸಿ ಕೇಳಿ ನಾನು ತಿದ್ದುತ್ತೇನೆ. ಅವರು ಲೈನ್‌ಮನ್ ಆಗಿದ್ದವರು. ಕಂಬ ಹತ್ತಲು ಹೆದರದವರು ಒತ್ತಕ್ಷರಕ್ಕೆ ಹೆದರುತ್ತಾರೆ.

ಇಷ್ಟೆಲ್ಲ ಯಾಕೆ ಹೇಳುತ್ತೇನೆಂದರೆ, ಎಲ್ಲೋ ಒಂದು ಮನೆಯಲ್ಲಿ ಯಾರೋ ಒಬ್ಬರು ಖಾಲಿ ಗೋಡೆಯ ಮೇಲೆ ಏನನ್ನೋ ನೋಡುತ್ತಾ, ಬಾಯಿ ಬಿಗಿಹಿಡಿದು ಕೂತಿರಬಹುದು. ಅವರಿಗೆ ಇದು ತಲುಪಲಿ. ನಿಮ್ಮ ತಲೆ ಕೆಟ್ಟಿಲ್ಲ, ತಾಯಿ. ನನಗೆ ಈ ಮಾತು ಹೇಳುವವರು ಸಿಗಲು ಬಹಳ ತಡವಾಯಿತು.

ಕಣ್ಣು ಹೋಗುತ್ತಿದೆ ಎಂದು ನನಗೆ ಗೊತ್ತಾಗಿದ್ದು ಮನೆಯವರ ಮೀಸೆಯಿಂದ. ಒಂದು ಮುಂಜಾನೆ ಚಹಾ ಕೊಡುವಾಗ ನೋಡಿದರೆ ಮೀಸೆ ಇಲ್ಲ.

"ಮೀಸಿ ಯಾವಾಗ ತಗಸಿದ್ರಿ?" ಎಂದೆ.

ಅವರು ಕೈಯಿಂದ ಮುಟ್ಟಿ ನೋಡಿಕೊಂಡರು. "ಇಲ್ಲೇ ಅದಲ್ಲ. ಏನಾತು ನಿನಗ?"

ಅವರ ಕಿವಿ ಕಾಣುತ್ತಿತ್ತು, ಹೆಗಲ ಮೇಲಿನ ಟವೆಲ್ ಕಾಣುತ್ತಿತ್ತು. ನಡುವೆ, ಮುಖ ಇರಬೇಕಾದಲ್ಲಿ, ಹೊಗೆ ಹಿಡಿದ ಗಾಜಿನಂಥ ಒಂದು ತೇಪೆ. ನಾನು ನಕ್ಕೆ, ಅವರೂ ನಕ್ಕರು. ಅಂದೇ ರಾಯಚೂರಿನ ಬಸ್ ಹತ್ತಿದೆವು.

ಕಣ್ಣಿನ ದವಾಖಾನೆಯಲ್ಲಿ ಕಾಯುವ ಕೋಣೆಯಷ್ಟು ವಿಚಿತ್ರ ಜಾಗ ನಾನು ಬೇರೆಲ್ಲೂ ಕಂಡಿಲ್ಲ. ಹನಿ ಹಾಕಿ, ಕಣ್ಣು ಮುಚ್ಚಿಕೊಳ್ಳಿ ಎಂದು ಕೂಡಿಸುತ್ತಾರೆ. ಗೋಡೆಗುಂಟ ಸಾಲು ಹಿಡಿದು ಇಷ್ಟು ಜನ, ಎಲ್ಲರ ತಲೆಯೂ ಹಿಂದಕ್ಕೆ, ಎಲ್ಲರ ಕಣ್ಣೂ ಮುಚ್ಚಿ. ಯಾರೂ ಯಾರನ್ನೂ ನೋಡುವುದಿಲ್ಲ, ಆದರೆ ಎಲ್ಲರೂ ಮಾತಾಡುತ್ತಾರೆ. ಕಣ್ಣಿನೊಳಗೆ ಸೂಜಿ ಹಾಕುತ್ತಾರೆಂದು ತಿಳಿದಾಗ ಎದ್ದು ಹೊರಡಲು ನೋಡಿದೆ. ಪಕ್ಕದಲ್ಲಿದ್ದ ಯಾರೋ ಹೆಣ್ಣುಮಗಳು ನನ್ನ ಕೈ ಹಿಡಿದಳು.

"ಹೆದರಬ್ಯಾಡ ಯವ್ವಾ. ಚುಚ್ಚೂದು ಮಾಲೂಮ ಆಗಂಗಿಲ್ಲ. ಚುಚ್ಚತಾರಂತ ಕುಂದ್ರೂದೇ ತ್ರಾಸು."

ಚಂದ್ರಬಂಡದವಳಂತೆ, ಅವಳಿಗೆ ಮೂರನೇ ಸಲವಂತೆ. ಅವಳ ಮುಖ ನಾನು ನೋಡಲೇ ಇಲ್ಲ. ಗಾಜಿನ ಬಳೆ, ಒರಟು ಅಂಗೈ, ಬೆಚ್ಚಗಿತ್ತು. ನನ್ನ ಹೆಸರು ಕರೆಯುವವರೆಗೂ ಅವಳು ಬಿಡಲಿಲ್ಲ. ಅವಳು ಹೇಳಿದ್ದು ಖರೇ ಇತ್ತು.

ಚುಚ್ಚುಮದ್ದು ಶುರುವಾದವು. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು, ತಪ್ಪದೆ ಬರಬೇಕು ಎಂದು ಡಾಕ್ಟರ್ ಹೇಳಿದ್ದರು. ಒಪ್ಪಿಕೊಂಡು ಬಂದೆ. ಅದಾದ ಕೆಲವು ವಾರಕ್ಕೆ, ಅಡುಗೆಮನೆಯ ಸುಣ್ಣದ ಗೋಡೆಯ ಮೇಲೆ ಬಲೆ ಕಾಣಿಸಿತು.

ಜೇಡರ ಬಲೆ ಎಂದು ಕಸಬರಿಗೆ ತಂದು ಬಳಿದೆ. ಹೋಗಲಿಲ್ಲ. ಸಣ್ಣ ಸಣ್ಣ ಚೌಕ, ಒಂದಕ್ಕೊಂದು ಹೊಂದಿಕೊಂಡು, ಗೋಡೆ ತುಂಬ. ಕೌದಿ ಹೊಲಿಯುವಾಗ ಹೊಲಿಗೆಯ ಸಾಲು ಅಡ್ಡ ಉದ್ದ ಬೀಳುತ್ತವಲ್ಲ, ಥೇಟ್ ಹಾಗೆ. ಕೆಂಪು, ನಡುವೆ ಹೊಳೆಯುವ ಚುಕ್ಕಿ. ಕಣ್ಣು ಹೊರಳಿಸಿದರೆ ಅದೂ ಹೊರಳುತ್ತಿತ್ತು. ಎರಡು ದಿನಕ್ಕೆ ಬಲೆ ಹೋಗಿ ಹಾವಿನ ಹಾಗೆ ಡೊಂಕು ಗೆರೆಗಳು ಬಂದವು. ಆಮೇಲೊಂದು ದಿನ, ಅಂಗಳದ ಗೋಡೆಯ ಬುಡದಿಂದ ಎತ್ತುಗಳು ಹೊರಟವು.

ಅಬ್ಬಾ! ಅವನ್ನು ಹೇಗೆ ಹೇಳಲಿ? ಎದುರಿಗೆ ಕೂತ ಗಂಡನ ಮೂಗು ಕಾಣದ ಕಣ್ಣಿಗೆ ಆ ಎತ್ತಿನ ಡುಬ್ಬದ ಮೇಲಿನ ಕೂದಲು ಒಂದೊಂದೂ ಕಂಡಿತು. ಉದ್ದ ಕೋಡು, ಹಿಂದಕ್ಕೆ ಬಾಗಿ ಮತ್ತೆ ಮೇಲೆದ್ದದ್ದು. ಕೊರಳ ಕೆಳಗೆ ಗಂಗೆದೊಗಲು ಜೋತು ಬಿದ್ದು ತೂಗುತ್ತಿತ್ತು. ಕಣ್ಣು ಚೆನ್ನಾಗಿದ್ದ ಕಾಲದಲ್ಲೂ ನಾನು ಯಾವುದನ್ನೂ ಅಷ್ಟು ನಿಚ್ಚಳವಾಗಿ ನೋಡಿರಲಿಲ್ಲ. ಹೆದರಿಕೆ ಆಮೇಲೆ ಬಂತು. ಮೊದಲು ಬಂದದ್ದು ಬೆರಗು. ಬಾಯಿ ತೆರೆದು ನಿಂತುಬಿಟ್ಟೆ, ಸಾರು ಉಕ್ಕಿ ಒಲೆ ಆರಿದ್ದೂ ಗೊತ್ತಾಗಲಿಲ್ಲ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಏನನ್ನುತ್ತಾರೆ ಎಂದು ನನಗೆ ಗೊತ್ತಿಲ್ಲವೇ? ಆದರೆ ಕಾಲು ಮೋಸ ಮಾಡಿತು. ಒಂದು ಸಂಜೆ ಅಂಗಳದಲ್ಲಿ ನಾನು, ನಾದಿನಿ ನೀಲಮ್ಮ ಶೇಂಗಾ ಸುಲಿಯುತ್ತಾ ಕೂತಿದ್ದೆವು. ನೀಲಮ್ಮ ಅಂದರೆ ಮನೆಯವರ ತಂಗಿ, ನಮ್ಮ ಓಣಿಯಲ್ಲೇ ಇರುತ್ತಾಳೆ. ಎತ್ತೊಂದು ನೇರ ನನ್ನ ಕಡೆ ಬಂತು. ಚಾಚಿದ ಕಾಲನ್ನು ಗಕ್ಕನೆ ಎಳೆದುಕೊಂಡೆ.

"ಯಾಕ ವೈನಿ, ಏನಾತು?"

"ಎತ್ತು ಹೊಂಟದ" ಎಂದುಬಿಟ್ಟೆ.

ನೀಲಮ್ಮ ಅಂಗಳ ನೋಡಿದಳು, ನನ್ನನ್ನು ನೋಡಿದಳು. ಮೊರ ಕೆಳಗಿಟ್ಟಳು. ಎರಡೂ ಕೈ ಜೋಡಿಸಿದಳು.

"ಯಪ್ಪಾ ಬಸವಣ್ಣಾ! ನಮ್ಮನಿಗೆ ಬಂದ್ಯಾ!"

ಮುಗಿಯಿತು. ಮಾರನೇ ದಿನ ಓಣಿಯ ಹೆಣ್ಣುಮಕ್ಕಳು ಕಾಯಿ, ಊದಿನಕಡ್ಡಿ ಹಿಡಿದು ಬಂದರು. ಟೀಚರಮ್ಮನ ಹೊರಗಣ್ಣು ತೆಗೆದುಕೊಂಡು ಬಸವಣ್ಣ ಒಳಗಣ್ಣು ಕೊಟ್ಟಾನಂತೆ. ನಾನು ಕುಳಿತಿದ್ದ ಪ್ಲಾಸ್ಟಿಕ್ ಕುರ್ಚಿಗೆ ನೀಲಮ್ಮ ಕೌದಿ ಹಾಸಿದಳು. ನಾನು ಬೈದೆ. ಬೈದದ್ದನ್ನೂ ಅವರು ಪ್ರಸಾದದ ಹಾಗೆ ತೆಗೆದುಕೊಂಡರು.

"ಮಗಳ ಲಗ್ನ ಯಾವಾಗ ಆಗ್ತದ, ಯವ್ವಾ?" ಎಂದಳೊಬ್ಬಳು.

"ಆಕಿ ಇನ್ನಾ ಹತ್ತನೇತ್ತ ಓದಾಕತ್ತಾಳ. ಲಗ್ನದ ಹೆಸರು ತಗೀಬ್ಯಾಡ. ಕಾಲೇಜಿಗೆ ಹಚ್ಚು."

ವರ್ಷಗಟ್ಟಲೆ ಇದೇ ಮಾತನ್ನು ಮನೆಮನೆಗೆ ಹೋಗಿ ಹೇಳಿದ್ದೆ, ಒಬ್ಬರೂ ಕೇಳಿರಲಿಲ್ಲ. ಈಗ ಆ ತಾಯಿ ನನ್ನ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಹೋಗಿ ಮಗಳನ್ನು ಕಾಲೇಜಿಗೆ ಸೇರಿಸಲು ಒಪ್ಪಿದಳು. ನಗು ಬರುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಖುಷಿಯೂ ಆಗುತ್ತಿತ್ತು.

ನಮ್ಮ ಮನೆಯವರಿಗೆ ಮಾತ್ರ ಇದು ಸೇರಲಿಲ್ಲ. ಜನ ಬಂದರೆ ಎದ್ದು ಹೊರಗೆ ಹೋಗುತ್ತಿದ್ದರು. ನನ್ನ ಮುಂದೆ ಏನೂ ಕೇಳಲಿಲ್ಲ. ಒಂದು ಮಧ್ಯಾಹ್ನ ಹಿತ್ತಲಲ್ಲಿ ನಿಂತು ಮಾನ್ವಿಯಲ್ಲಿರುವ ತಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದುದು ಕಿಟಕಿಯಿಂದ ಕೇಳಿಸಿತು.

"ಆಕಿ ತಲಿ ಸರಿ ಇಲ್ಲಪ್ಪ. ಯಾರಿಗೆ ಹೇಳ್ಲಿ? ನಾಕ ಮಂದಿಗೆ ಗೊತ್ತಾದ್ರ ಮರ್ಯಾದಿ ಏನು ಉಳೀತದ?"

ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಅಲ್ಲೇ ಕೂತೆ. ಅತ್ತುಬಿಟ್ಟೆ. ಓಣಿಗೆ ನಾನು ದೇವರು, ಗಂಡನಿಗೆ ಹುಚ್ಚಿ. ದೇವರು ಅಂದವರೂ ಏನು ಕಾಣುತ್ತದೆಂದು ಕೇಳಲಿಲ್ಲ, ಹುಚ್ಚಿ ಅಂದವರೂ ಕೇಳಲಿಲ್ಲ. ನಾನು ನೋಡುತ್ತಿದ್ದುದನ್ನು ನಾನೊಬ್ಬಳೇ ನೋಡುತ್ತಿದ್ದೆ. ಕಣ್ಣು ಹೋದದ್ದಕ್ಕಿಂತ ಆ ಒಂಟಿತನ ನನ್ನನ್ನು ಹೆಚ್ಚು ಹಿಂಡಿತು. ಅವರು ಅಂದದ್ದೇ ನಿಜವಿದ್ದರೆ ಎಂಬ ಅಂಜಿಕೆಯೂ ಶುರುವಾಯಿತು.

ಇದರ ನಡುವೆ ಚುಚ್ಚುಮದ್ದಿನ ದಿನ ಬಂದು ಹೋಯಿತು. "ಬಸವಣ್ಣ ಕುಂತಿರೋ ಕಣ್ಣಿಗೆ ಸೂಜಿ ಹಾಕಸ್ತೀರೇನು?" ಎಂದು ನೀಲಮ್ಮ ಬಾಗಿಲಿಗೆ ಅಡ್ಡ ನಿಂತಳು. ಮನೆಯವರು ವಾದ ಮಾಡಲಿಲ್ಲ. ನಾನೂ ಗಟ್ಟಿ ನಿಲ್ಲಲಿಲ್ಲ. ಡಾಕ್ಟರು ಕೇಳಿಬಿಟ್ಟರೆ, ನಾನು ಹೇಳಿಬಿಟ್ಟರೆ, ಅವರೂ ಹುಚ್ಚಿ ಅಂದುಬಿಟ್ಟರೆ? ಆ ಭಯದಲ್ಲಿ ಬಸ್ ತಪ್ಪಿಸಿಕೊಂಡೆ. ಅಂಚಿನಲ್ಲಿ ಉಳಿದಿದ್ದ ಬೆಳಕೂ ಮಸುಕಾಗತೊಡಗಿತು.

ಕೊನೆಗೆ ನನ್ನನ್ನು ಎಬ್ಬಿಸಿದ್ದು ಒಂದು ಹಾಲುಗೂಸು. ಹಳ್ಳಿಯಿಂದ ಬಂದ ಒಬ್ಬ ತಾಯಿ ಜ್ವರದ ಹೆಣ್ಣುಕೂಸನ್ನು ನನ್ನ ಮಡಿಲಿಗೆ ಹಾಕಿದಳು. ಮೈ ಸುಡುತ್ತಿತ್ತು, ಅಳಲೂ ತ್ರಾಣವಿರಲಿಲ್ಲ.

"ಕೈ ಆಡಸ್ರಿ ಯವ್ವಾ. ನೀವು ಮುಟ್ಟಿದ್ರ ಸಾಕು."

"ದವಾಖಾನಿಗೆ ಯಾಕ ಒಯ್ದಿಲ್ಲ?"

"ಮೊದಲು ಇಲ್ಲಿಗೆ ಬಂದೇವ್ರಿ."

ಮೊದಲು ಇಲ್ಲಿಗೆ! ಕೂಸನ್ನು ಎದೆಗವಚಿಕೊಂಡು, ಕಾಣದ ಕಣ್ಣಲ್ಲಿ ಹೊಸ್ತಿಲು ಎಡವಿ ಓಣಿಗೆ ಬಂದು ಕೂಗಾಡಿದೆ. ಯಾರೋ ಆಟೋ ತಂದರು. ಸರ್ಕಾರಿ ದವಾಖಾನೆಯಲ್ಲಿ ಕೂಸು ಉಳಿಯಿತು. ವಾಪಸು ಬಂದವಳೇ ಕುರ್ಚಿಯ ಮೇಲಿನ ಕೌದಿ ಎಳೆದು ಬಿಸಾಕಿ, "ನಾಳಿ ರಾಯಚೂರಿಗೆ ಕರಕೊಂಡು ಹೋಗ್ರಿ. ಇಲ್ಲಾಂದ್ರ ನಾ ಒಬ್ಬಾಕೇ ಹೋಗ್ತೀನಿ" ಎಂದೆ ಮನೆಯವರಿಗೆ. ನೀಲಮ್ಮ ಈ ಸಲ ಅಡ್ಡ ಬರಲಿಲ್ಲ. ಅವಳೂ ಆ ಕೂಸನ್ನು ನೋಡಿ ಹೆದರಿದ್ದಳು.

ಈ ಸಲ ನೋಡಿದ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ತಪ್ಪಿಸಿದ್ದಕ್ಕೆ ಬೈದಳು, ಬೈಸಿಕೊಂಡೆ. ಕಣ್ಣಿನೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ ದೀಪ ಆರಿಸಿ, ಮಳೆ ಬಂತೇನ್ರಿ ಅನ್ನುವಷ್ಟು ಸಹಜವಾಗಿ ಕೇಳಿದಳು.

"ಅಮ್ಮಾರ, ಅಲ್ಲಿ ಇಲ್ಲದ್ದು ಏನರ ಕಾಣಸ್ತದೇನ್ರಿ?"

"ಇಲ್ರಿ ಡಾಕ್ಟರ್, ಹಂಗೇನೂ ಇಲ್ಲ" ಎಂದರು ಮನೆಯವರು, ನನಗಿಂತ ಮೊದಲೇ.

"ನಾ ಅಮ್ಮಾರ್ನ ಕೇಳಾಕತ್ತೀನ್ರಿ, ಯಜಮಾನ್ರ."

ಬಲೆ, ಚುಕ್ಕಿ, ಡೊಂಕು ಗೆರೆ, ಎತ್ತು, ಎಲ್ಲ ಹೇಳಿದೆ. ಅವಳು ನಡುವೆ ಒಂದೇ ಪ್ರಶ್ನೆ ಕೇಳಿದಳು, ಅವು ಮಾತಾಡುತ್ತವೆಯೇ ಎಂದು. ಇಲ್ಲ ಎಂದೆ. ಅವು ಖರೇ ಅಲ್ಲ ಅಂತ ನಿಮಗ ಗೊತ್ತದಲ್ಲ ಎಂದಳು. ಗೊತ್ತದ ಎಂದೆ.

"ನಿಮ್ಮ ತಲಿ ಭಾಳ ಛಲೋ ಅದರಿ. ಕಣ್ಣಿನಿಂದ ಸುದ್ದಿ ಬರೂದು ನಿಂತ್ರ ತಲಿ ಖಾಲಿ ಕುಂದ್ರಂಗಿಲ್ಲ, ತನ್ನ ಹತ್ರ ಇದ್ದದ್ದನ್ನ ತಗದು ತೋರಸ್ತದ. ನಿಮ್ಮಂಗ ಕಾಣೋರು ಭಾಳ ಮಂದಿ ಇರ್ತಾರ. ಹೆದರಿ ಯಾರೂ ಹೇಳಂಗಿಲ್ಲ, ಅಷ್ಟ."

ನಾನು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದೆ. ಪಕ್ಕದಿಂದ ಮನೆಯವರ ಸಣ್ಣ ದನಿ ಬಂತು. "ಅಂದ್ರ... ಹುಚ್ಚು ಅಲ್ಲರೀ?"

"ಅಲ್ರಿ."

ಅವರ ಉಸಿರು ಹೊರಬಿದ್ದದ್ದು ನನಗೆ ಕೇಳಿಸಿತು. ಅಷ್ಟು ದಿನ ಹಿಡಿದುಕೊಂಡಿದ್ದರು, ಪಾಪ. ಅವರ ಮೇಲಿನ ನನ್ನ ಅರ್ಧ ಸಿಟ್ಟು ಅಲ್ಲೇ ಇಳಿಯಿತು. ಅರ್ಧ ಇಟ್ಟುಕೊಂಡೆ.

ಏಳುವ ಮುಂಚೆ ಡಾಕ್ಟರ್ ಇನ್ನೊಂದು ಮಾತು ಹೇಳಿದಳು. ಅವಳ ತವರು ಮಾನ್ವಿ ತಾಲೂಕು. ಹಿರೇಕೊಟ್ನೆಕಲ್ ಕಡೆ ಒಂದು ಗುಡ್ಡದ ಬಂಡೆಗಳ ಮೇಲೆ ಹಳೆಯ ಚಿತ್ರಗಳಿವೆಯಂತೆ, ಕಲ್ಲಿಗೆ ಕಲ್ಲು ಕುಟ್ಟಿ ಮಾಡಿದವು. ಎತ್ತುಗಳೇ ಹೆಚ್ಚು. ಜೊತೆಗೆ ಚೌಕದ ಬಲೆ, ಚುಕ್ಕಿ. "ಊರು, ಅಕ್ಷರ ಒಂದೂ ಇಲ್ಲದ ಕಾಲದ್ದು. ಜಗತ್ತಿನ್ಯಾಗ ಎಲ್ಲಾ ಕಡಿ ಗವಿಯೊಳಗ ಇಂಥಾ ಬಲಿ, ಚುಕ್ಕಿ ಸಿಗತಾವಂತ. ಕತ್ತಲಾಗ ಕುಂತಾಗ ಕಣ್ಣಾಗ ಕಂಡದ್ದನ್ನ ಬರದಾರ ಅಂತ ಕೆಲವರು ಅಂತಾರ. ಅಲ್ಲ ಅನ್ನೋರೂ ಇದ್ದಾರ, ಖಾತ್ರಿ ಯಾರಿಗೂ ಇಲ್ಲ. ನಿಮ್ಮ ಮಾತು ಕೇಳಿ ನನಗ ಅದು ನೆನಪಾತು ನೋಡ್ರಿ."

ಆ ಮಾತು ನನ್ನ ತಲೆ ಹೊಕ್ಕಿತು. ಚುಚ್ಚುಮದ್ದು ಮತ್ತೆ ಶುರುವಾಗಿ, ಅಂಚಿನ ಬೆಳಕು ಇನ್ನಷ್ಟು ಮಸುಕಾಗದೆ ನಿಂತ ಮೇಲೆ, ಮನೆಯವರ ಬೆನ್ನು ಹತ್ತಿದೆ. "ಕುರುಡೀನ್ನ ಗುಡ್ಡ ಹತ್ತಸು ಅಂತಿ" ಎಂದು ಅವರು ಗೊಣಗಿದರು. ಆದರೂ ಚಳಿಗಾಲದ ಒಂದು ಮುಂಜಾನೆ ಮಾನ್ವಿಯ ಮೈದುನನ ಮನೆಯಿಂದ ಆಟೋ ಮಾಡಿಕೊಂಡು ಹೊರಟೆವು. ಡಾಕ್ಟರ್ ಹೇಳಿದ ಗುರುತು ಹಿಡಿದು ಹತ್ತಿದೆವು. ಅವರು ನನ್ನ ಮೊಣಕೈ ಹಿಡಿದು, "ಇಲ್ಲಿ ಕಾಲಿಡು, ಜ್ವಾಕಿ, ಜಾರ್ತದ" ಎನ್ನುತ್ತಾ ಏದುಸಿರು ಬಿಡುತ್ತಾ ಮೇಲೆ ತಂದರು. ಮನೆಗಿಂತ ದೊಡ್ಡ ಬಂಡೆಯೊಂದರ ಮುಂದೆ ನಿಂತೆವು.

"ಇದೇ ಏನೋಪ. ಇಲ್ಲೇನೂ ಇಲ್ಲ. ಬರೇ ಕಲ್ಲು" ಎಂದರು.

ನನಗೆ ಅಂಚುಗಣ್ಣಿಂದ ನೋಡುವುದು ರೂಢಿಯಾಗಿತ್ತು. ಮುಖ ಓರೆ ಮಾಡಿ, ಬಂಡೆಯ ಪಕ್ಕದ ಆಕಾಶವನ್ನು ನೋಡುವವಳ ಹಾಗೆ ನಿಂತೆ. ಬಿಸಿಲು ಇನ್ನೂ ಅಡ್ಡ ಬೀಳುತ್ತಿತ್ತು. ಮೊದಲು ಕಲ್ಲಿನ ಉಬ್ಬು ಕಂಡಿತು. ಆ ಉಬ್ಬು ಡುಬ್ಬವಾಯಿತು. ಡುಬ್ಬದಿಂದ ಬೆನ್ನು ಇಳಿಯಿತು, ಬಾಲ ಬಂತು, ಮುಂದೆ ಎರಡು ಕೋಡು ಬಾಗಿ ಎದ್ದವು. ಎತ್ತು! ಕಲ್ಲು ಅರ್ಧ ಮಾಡಿಟ್ಟದ್ದನ್ನು ಯಾರೋ ಗುರುತಿಸಿ, ಉಳಿದರ್ಧ ಕುಟ್ಟಿ ಮುಗಿಸಿದ್ದರು.

ಮರುಕ್ಷಣವೇ ಅನುಮಾನ ಬಂತು. ಇದು ಕಲ್ಲಿನ ಎತ್ತೋ, ನನ್ನ ಎತ್ತೋ? ನನ್ನವು ಎಲ್ಲೆಂದರಲ್ಲಿ ಬರುತ್ತವೆ, ಬಂಡೆಯ ಮೇಲೆ ಬರಬಾರದೆಂದೇನಿದೆ? ಪಕ್ಕದಲ್ಲಿರುವ ಮನುಷ್ಯ ಏನೂ ಇಲ್ಲ ಅನ್ನುತ್ತಿದ್ದಾರೆ. ಕೈ ಚಾಚಿ ತಡವಿದೆ. ಬಂಡೆ ನುಣುಪಾಗಿತ್ತು, ನುಣುಪಾಗಿತ್ತು, ಒಮ್ಮೆಲೇ ಒರಟಾಯಿತು. ಸಣ್ಣ ಸಣ್ಣ ಗುಳಿ, ಒತ್ತೊತ್ತಾಗಿ. ಒರಟು ಎಲ್ಲಿ ಹೋಯಿತೋ ಬೆರಳು ಅಲ್ಲಿ ಹೋಯಿತು. ಬೆನ್ನು. ಕೊರಳು. ಕೋಡು.

ಅವರ ಕೈ ಎಳೆದುಕೊಂಡೆ. "ಇಲ್ಲಿ ಬೆರಳಿಡ್ರಿ. ಹಂಗೇ ಬರ್ರಿ ನನ್ನ ಸಂಗಾಟ."

ಕಂಬ ಹತ್ತಿ ಕಾಯಿಗಟ್ಟಿದ ಆ ಬೆರಳುಗಳನ್ನು ಹಿಡಿದು ಕಲ್ಲಿನ ಮೇಲೆ ನಡೆಸಿದೆ. ಕೋಡಿನ ತುದಿಗೆ ಬರುವಷ್ಟರಲ್ಲಿ ಅವರ ಕೈ ನಿಂತಿತು.

"ಅಯ್ಯೋ ಇಕಿನ! ಎತ್ತದಲ್ಲೇ ಇಲ್ಲಿ!"

ಆಮೇಲೆ ಅವರನ್ನು ಹಿಡಿಯುವವರಿಲ್ಲ. ಒಮ್ಮೆ ಕಂಡ ಮೇಲೆ ಎಲ್ಲವೂ ಕಾಣತೊಡಗಿದವು ಅವರಿಗೆ. "ಇಲ್ಲೊಂದದ! ಇದರ ಹಿಂದ ಇನ್ನೊಂದು! ಇಂವ ಯಾವನೋ ಕೋಲು ಹಿಡಕೊಂಡು ನಿಂತಾನ ನೋಡು!" ಎಂದು ಮಕ್ಕಳ ಹಾಗೆ ಕೂಗುತ್ತಾ ಬಂಡೆಯ ಉದ್ದಕ್ಕೂ ಓಡಾಡಿದರು. ಒಂದು ಕಡೆ ನಿಂತು, "ಇದೇನೋ ತಿಳೀವಲ್ದು. ಚೌಕ ಚೌಕ ಮಾಡ್ಯಾರ. ಬಲಿ ಇದ್ದಂಗದ" ಎಂದರು.

ಹೋಗಿ ಮುಟ್ಟಿದೆ. ಒಂದಕ್ಕೊಂದು ಹೊಂದಿಕೊಂಡ ಚೌಕಗಳು. ನನ್ನ ಅಡುಗೆಮನೆಯ ಗೋಡೆ. ಅಲ್ಲೇ ಕೂತುಬಿಟ್ಟೆ. ಯಾರಪ್ಪಾ ನೀನು? ಗಂಡಸೋ, ಹೆಂಗಸೋ? ನಿನಗೂ ಕಣ್ಣು ಹೋಗಿತ್ತೇ, ಅಥವಾ ಕಣ್ಣು ಮುಚ್ಚಿ ಕೂತಾಗ ಬಂತೇ? ಇಲ್ಲಾ, ಬರೀ ಬಲೆಯೊಂದನ್ನು ನೋಡಿ ಕುಟ್ಟಿದೆಯೋ? ನನಗೆ ತಿಳಿಯುವ ದಾರಿಯಿಲ್ಲ. ಆದರೆ ಈ ಗಟ್ಟಿ ಬಂಡೆಗೆ ಇಷ್ಟು ಕುಟ್ಟಬೇಕಾದರೆ, ಇದನ್ನು ಇನ್ನೊಬ್ಬರೂ ನೋಡಲೇಬೇಕು ಎಂದು ನಿನಗೆ ಎಷ್ಟು ಅನಿಸಿರಬೇಕು! ಆ ಆಸೆ ನನಗೆ ಗೊತ್ತು. ಕಣ್ಣಲ್ಲಿ ನೀರು ಧಾರೆಯಾಗಿ ಹರಿಯಿತು.

ಅವರು ಬಂದು ನನ್ನ ಪಕ್ಕ ಕೂತರು.

"ಏನೇ, ನಿನಗ ಮನ್ಯಾಗ ಕಾಣತಾವಲ್ಲ... ಅವೂ ಇಂಥಾವೇ ಏನು?"

ಅಷ್ಟು ತಿಂಗಳಲ್ಲಿ ಅವರು ಅದನ್ನು ಕೇಳಿದ್ದು ಅದೇ ಮೊದಲು.

"ಇಂಥಾವಲ್ಲ" ಎಂದೆ. "ಕೋಡು ಇನ್ನಾ ಉದ್ದ."

"ಎಷ್ಟುದ್ದ?"

"ಹೆಂಗ ಹೇಳ್ಲಿ? ಹಿಂದಕ್ಕ ಹೋಗಿ ಮ್ಯಾಲೆ ಏಳತಾವ."

ಅವರು ಮುಂದಕ್ಕೆ ಸರಿದು, ಅಂಗೈಯಿಂದ ನೆಲದ ಮಣ್ಣನ್ನು ಸವರಿ ಸಪಾಟು ಮಾಡಿದ ಸಪ್ಪಳ ಕೇಳಿಸಿತು. ಕಡ್ಡಿಯೊಂದು ಮುರಿದರು. ಕರಕರ ಎಂದು ಗೆರೆ ಎಳೆದರು. ನನ್ನ ಕೈ ಹಿಡಿದು ತೋರುಬೆರಳನ್ನು ಆ ಗೆರೆಯೊಳಗೆ ಇಟ್ಟರು. ಬೆರಳು ನಡೆಸಿ ನೋಡಿದೆ.

"ಇವು ಕೋಡಲ್ಲ, ಕತ್ತಿ ಕಿವಿ ಆಗ್ಯಾವ" ಎಂದೆ.

ಅವರಿಗೆ ಸಿಟ್ಟು ಬರಲಿಲ್ಲ. ಮಣ್ಣು ಮತ್ತೆ ಸವರಿದರು.

"ಸಾವಕಾಶ ಹೇಳು" ಎಂದರು. "ಮೊದಲಿಂದ ಹೇಳು."